ಬಲಗಡೆಯ ಸೀಟು

ಎಸ್ಲಿಂಗನ್, ಜರ್ಮನಿ
11 ಮಾರ್ಚ್ 2016

ಮಾನ್ಯ ಹಾರ್ಲನ್ ಟೀಗ್ ಅವರಿಗೆ,

ನಿಮಗೆ ನನ್ನ ಪರಿಚಯವಿಲ್ಲ. ಆದರೂ ನನ್ನ ಹೆಸರನ್ನು ನೀವು ಒಮ್ಮೆ ಬರೆದಿದ್ದೀರಿ. ನಾನು ಮಾರೆನ್ ಹೌಗ್. ನೀವು ಆಕ್ಷೇಪಿಸಿದ ಐದು ಜನ ಜರ್ಮನ್ ಚಾಲಕರಲ್ಲಿ ಇರುವ ಒಬ್ಬಳೇ ಹೆಂಗಸು.

ನಾನು ಲಾರಿ ತಯಾರಿಸುವ ಕಂಪನಿಯಲ್ಲಿ ಬ್ರೇಕ್ ವಿಭಾಗದ ಎಂಜಿನಿಯರ್. ನಾವು ಇಲ್ಲಿ ರೂಪಿಸಿದ ಹೊಸ ಲಾರಿಗಳನ್ನು ನಿಮ್ಮ ಮರುಭೂಮಿಯ ಬಿಸಿಲಿನಲ್ಲಿ, ನಿಮ್ಮ ಘಾಟಿಗಳಲ್ಲಿ ಓಡಿಸಿ ನೋಡಬೇಕು. ಅದಕ್ಕೆ ಅಮೆರಿಕದ ಭಾರಿ ವಾಹನದ ಲೈಸೆನ್ಸ್ ಬೇಕು. ನಮ್ಮ ಬಳಿ ಇರುವುದು ಜರ್ಮನಿಯದು. ಹಾಗಾಗಿ ಕಂಪನಿಯು ನಮ್ಮ ಐವರ ಹೆಸರು ಕೊಟ್ಟು ವಾಷಿಂಗ್ಟನ್ನಿನ ಇಲಾಖೆಯಿಂದ ವಿನಾಯಿತಿ ಕೇಳಿದೆ. ಇಲಾಖೆ ಆ ಹೆಸರುಗಳನ್ನು ಗೆಜೆಟ್ಟಿನಲ್ಲಿ ಪ್ರಕಟಿಸಿ, ಯಾರಿಗಾದರೂ ಏನಾದರೂ ಹೇಳುವುದಿದ್ದರೆ ಹೇಳಬಹುದು ಎಂದು ಜನರನ್ನು ಕೇಳಿತು. ಅಷ್ಟು ದೊಡ್ಡ ದೇಶದಲ್ಲಿ ಹೇಳುವುದಿದ್ದವರು ನೀವೊಬ್ಬರೇ.

ನೀವು ಬರೆದದ್ದನ್ನು ಬಹಳ ಸಲ ಓದಿದ್ದೇನೆ. "ನನ್ನ ತಂಗಿ ಮಗಳು ಡಾರ್ಲಾ ಬಿಸಿಲಲ್ಲಿ ಸಾಲು ನಿಂತು ಮೂರು ಸಲ ಫೇಲಾದಳು. ಈ ಐದು ಜನಾನೂ ಬಂದು ಅದೇ ಸಾಲಲ್ಲಿ ನಿಲ್ಲಲಿ. ಸಾಲು ಎಲ್ಲಿಂದ ಶುರು ಅಂತ ಗೊತ್ತಾಗದಿದ್ದರೆ ನಾನೇ ತೋರಿಸ್ತೀನಿ." ನಮ್ಮ ಮೇಲಧಿಕಾರಿ ಸ್ಟ್ರೋಬೆಲೆ ಇದನ್ನು ಗೋಡೆಗೆ ಅಂಟಿಸಿ ನಗುತ್ತಿದ್ದಾನೆ. ನನಗೆ ನಗು ಬರಲಿಲ್ಲ. ಏಕೆಂದರೆ ಆ ಸಾಲಿನಲ್ಲಿ ನಿಲ್ಲಲು ನನಗೆ ಮನಸ್ಸಿದೆ, ಆದರೆ ನಿಲ್ಲಗೊಡುವುದಿಲ್ಲ. ನಿಮ್ಮ ಯಾವುದಾದರೂ ರಾಜ್ಯದ ನಿವಾಸಿಯಾಗಿದ್ದರೆ ಮಾತ್ರ ಪರೀಕ್ಷೆಗೆ ಕೂರಬಹುದಂತೆ. ವಾರಗಟ್ಟಲೆ ಬಂದು ಹೋಗುವ ನಮ್ಮಂಥವರಿಗೆ ಸಾಲೇ ಇಲ್ಲ.

ಉದ್ದನೆಯ ಇಳಿಜಾರಿನಲ್ಲಿ ಲಾರಿಯನ್ನು ಹಿಡಿದಿಡುವ ಒಂದು ಹೊಸ ಬ್ರೇಕ್ ವ್ಯವಸ್ಥೆ ನನ್ನ ಕೆಲಸ. ವರ್ಷಗಳಿಂದ ಅದನ್ನು ಕಂಪ್ಯೂಟರ್ ಪರದೆಯ ಮೇಲೆಯೇ ಇಳಿಸುತ್ತಿದ್ದೇನೆ. ನಿಜವಾದ ಘಾಟಿಯಲ್ಲಿ ನನ್ನ ಕಾಲಿನಡಿ ಅದು ಹೇಗಿರುತ್ತದೆಂದು ಒಮ್ಮೆ ತಿಳಿಯಬೇಕು. ವಿನಾಯಿತಿ ಸಿಗದಿದ್ದರೆ ನಿಮ್ಮ ದೇಶದ ಯಾರೋ ಓಡಿಸುತ್ತಾರೆ, ನಾನು ಬಲಗಡೆಯ ಸೀಟಿನಲ್ಲಿ ಕೂತು ಅಂಕಿ ನೋಡುತ್ತೇನೆ.

ಇದನ್ನು ವಾದ ಮಾಡಲು ಬರೆಯುತ್ತಿಲ್ಲ. ಎರಡು ವಿಷಯ ತಿಳಿಯಬೇಕಿತ್ತು. ಡಾರ್ಲಾ ಮೂರು ಸಲ ಫೇಲಾಗುವಂಥದ್ದು ಆ ಪರೀಕ್ಷೆಯಲ್ಲಿ ಏನಿದೆ? ಮತ್ತೆ, ಗೆಜೆಟ್ಟನ್ನು ಯಾರು ಓದುತ್ತಾರೆ?

ಗೌರವದಿಂದ,
ಮಾರೆನ್ ಹೌಗ್


ಬೀಟಿ, ನೆವಾಡಾ
29 ಮಾರ್ಚ್ 2016

ಮಿಸ್ ಹೌಗ್ ಅವರಿಗೆ,

ಪೋಸ್ಟ್ ಆಫೀಸಿನಾಕೆ ನಿಮ್ಮ ಸ್ಟಾಂಪು ನೋಡಿ ನಾಲ್ಕಾರು ಜನಕ್ಕೆ ಹೇಳಿದ್ದಾಳೆ. ಈ ವಯಸ್ಸಿನಲ್ಲಿ ನನಗೆ ಜರ್ಮನಿಯಲ್ಲಿ ಒಬ್ಬಳು ಸಿಕ್ಕಿದ್ದಾಳೆಂದು ಊರಲ್ಲಿ ಮಾತು. ನಾನು ಇಲ್ಲ ಎನ್ನಲು ಹೋಗಿಲ್ಲ.

ನಾನು ಬರೆದದ್ದನ್ನು ಯಾರಾದರೂ ಓದುತ್ತಾರೆಂದು ಗೊತ್ತಿರಲಿಲ್ಲ. ಅದರಲ್ಲೂ ಯಾರ ಮೇಲೆ ಬರೆದೆನೋ ಅವರೇ ಓದಿ, ಬೈಯದೆ, ಪ್ರಶ್ನೆ ಕೇಳಿದ್ದು ವಿಚಿತ್ರ. ಸಾಲಿನಲ್ಲಿ ನಿಲ್ಲಲು ನಿಮಗೆ ಬಿಡುವುದಿಲ್ಲ ಎಂಬುದು ನನಗೆ ತಿಳಿದಿರಲಿಲ್ಲ. ಅದು ಪೆದ್ದು ಕಾಯಿದೆ. ಆದರೂ ನನ್ನ ಮಾತನ್ನು ನಾನು ವಾಪಸು ತೆಗೆದುಕೊಳ್ಳುವುದಿಲ್ಲ.

ನಮ್ಮ ಪರೀಕ್ಷೆಯಲ್ಲಿ ಗಾಡಿ ಓಡಿಸುವುದು ಆಮೇಲಿನ ಮಾತು. ಮೊದಲು ನಿಂತ ಗಾಡಿಯನ್ನು ಒಂದು ಸುತ್ತು ಬರಬೇಕು. ಒಂದೊಂದು ಭಾಗವನ್ನೂ ಮುಟ್ಟಿ, ಅದರ ಹೆಸರು ಹೇಳಿ, ಸೀಳಿಲ್ಲ, ಸೋರುತ್ತಿಲ್ಲ, ಗಟ್ಟಿಯಾಗಿ ಕೂತಿದೆ ಎಂದು ಗಟ್ಟಿಯಾಗಿ ಹೇಳಬೇಕು. ಮುಟ್ಟಿ ಸುಮ್ಮನಿದ್ದರೆ ಅಂಕವಿಲ್ಲ. ನೋಡಿದ್ದೀಯ ಎಂದು ಪರೀಕ್ಷಕನಿಗೆ ಹೇಗೆ ಗೊತ್ತಾಗಬೇಕು? ಡಾರ್ಲಾಗೆ ಲಾರಿಯಲ್ಲಿ ತಿಳಿಯದ ಭಾಗವಿಲ್ಲ. ಆದರೆ ಹೊಸಬರ ಎದುರು ಅವಳಿಗೆ ಗಂಟಲು ಕಟ್ಟುತ್ತದೆ. ಎಲ್ಲವನ್ನೂ ಮುಟ್ಟುತ್ತಾಳೆ, ತುಟಿ ಅಲ್ಲಾಡುತ್ತದೆ, ಶಬ್ದ ಹೊರಡುವುದಿಲ್ಲ. ಈಗ ನನ್ನ ಮನೆಯಲ್ಲೇ ಇದ್ದಾಳೆ. ದಿನಾ ಬೆಳಿಗ್ಗೆ ಅಂಗಳದಲ್ಲಿ ನಿಲ್ಲಿಸಿ ಕೂಗಿಸುತ್ತೇನೆ. ಊರ ಕತ್ತೆಗಳು ಬೇಲಿಯಾಚೆ ನಿಂತು ಕೇಳುತ್ತವೆ.

ನಿಮ್ಮಲ್ಲಿ ಹೇಗೆ? ಭಾನುವಾರ ಲಾರಿ ರಸ್ತೆಗೆ ಇಳಿಯಕೂಡದು ಎನ್ನುತ್ತಾರಲ್ಲ, ನಿಜವೆ? ಹಾಗಾದರೆ ಭಾನುವಾರ ಚಾಲಕರು ಎಲ್ಲಿ ಇರುತ್ತಾರೆ? ಹೊಸ ಬ್ರೇಕು ಇಳಿಜಾರಿನ ಮೇಲಿನಿಂದಲೇ ಹಿಡಿಯುತ್ತದೋ, ವೇಗ ಏರಿದ ಮೇಲೆ ಹಿಡಿಯುತ್ತದೋ?

ಗೆಜೆಟ್ಟಿನ ಬಗ್ಗೆ ಕೇಳಿದಿರಿ. ಬೀಟಿಯಲ್ಲಿ ಓದಲು ಬೇರೆ ಏನೂ ಸಿಗುವುದಿಲ್ಲ.

ಹಾರ್ಲನ್ ಟೀಗ್


ಎಸ್ಲಿಂಗನ್
17 ಏಪ್ರಿಲ್ 2016

ಮಾನ್ಯ ಟೀಗ್ ಅವರಿಗೆ,

ಇವತ್ತು ಭಾನುವಾರ. ಹೌದು, ಲಾರಿಗಳು ನಿಂತಿವೆ. ಹೆದ್ದಾರಿಯ ಪಕ್ಕದ ತಂಗುದಾಣಗಳಲ್ಲಿ ಅವುಗಳ ನಡುವೆ ಹಗ್ಗ ಕಟ್ಟಿ ಬನಿಯನ್ ಒಣಹಾಕಿರುತ್ತಾರೆ. ಪೋಲೆಂಡಿನವರು ಚಕ್ರದ ನೆರಳಿನಲ್ಲಿ ಕೂತು ಸಾರು ಕುದಿಸುತ್ತಾರೆ. ಚಿಕ್ಕವಳಿದ್ದಾಗ ಅಪ್ಪನ ಜೊತೆ ಸೈಕಲ್ಲಿನಲ್ಲಿ ಹೋಗಿ ಅವರನ್ನು ನೋಡುತ್ತಿದ್ದೆ. ನಾನು ಲಾರಿಗೆ ಮನಸೋತದ್ದು ಅವು ನಿಂತಿದ್ದಾಗ.

ನಮ್ಮ ಪರೀಕ್ಷೆಯಲ್ಲೂ ಗಾಡಿಯ ಸುತ್ತು ಬರುವುದಿದೆ. ಆದರೆ ಪರೀಕ್ಷಕ ಕೇಳುತ್ತಾನೆ, ನಾವು ಉತ್ತರ ಕೊಡುತ್ತೇವೆ. ತಾನಾಗಿ ಯಾರೂ ಹಾಡುತ್ತಾ ಹೋಗುವುದಿಲ್ಲ. ನಿಮ್ಮ ಪತ್ರ ಬಂದ ಮೇಲೆ ಒಂದು ಮಧ್ಯಾಹ್ನ, ಎಲ್ಲರೂ ಊಟಕ್ಕೆ ಹೋಗಿದ್ದಾಗ, ಕಾರ್ಖಾನೆಯ ಅಂಗಳದಲ್ಲಿ ನಾನೂ ಪ್ರಯತ್ನಿಸಿದೆ. ಮುಟ್ಟಿದೆ, ಹೇಳಿದೆ. ಹಿಂದಿನ ಅಚ್ಚಿನ ಬಳಿ ಬಾಯಿ ನಿಂತುಹೋಯಿತು. ನಾನೇ ರೂಪಿಸಿದ ಒಂದು ಚಿಕ್ಕ ಭಾಗ ಅಲ್ಲಿದೆ, ಅದಕ್ಕೆ ನಮ್ಮ ಭಾಷೆಯಲ್ಲಿ ಏನೆನ್ನುತ್ತಾರೆಂದು ನನಗೆ ತಿಳಿಯದು. ನಮ್ಮಲ್ಲಿ ಅದಕ್ಕೆ ಇರುವುದು ನಂಬರು ಮಾತ್ರ. ಹೆಸರಿಡಬೇಕಿತ್ತು ಅನ್ನಿಸಿತು.

ಬ್ರೇಕು ಮೇಲಿನಿಂದಲೇ ಹಿಡಿಯುತ್ತದೆ. ಒಂದೊಂದು ಚಕ್ರ ಎಷ್ಟು ಕಾದಿದೆ ಎಂದು ತಾನೇ ನೋಡಿಕೊಂಡು, ತಣ್ಣಗಿರುವ ಚಕ್ರಕ್ಕೆ ಹೆಚ್ಚು ಕೆಲಸ ಕೊಟ್ಟು, ಕಾದ ಚಕ್ರಕ್ಕೆ ಬಿಡುವು ಕೊಡುತ್ತದೆ. ನಾಲ್ಕು ಜನ ಭಾರ ಹೊರುವಾಗ ಸುಸ್ತಾದವನ ಭಾರವನ್ನು ಇನ್ನೊಬ್ಬ ತನ್ನ ಹೆಗಲಿಗೆ ಎಳೆದುಕೊಳ್ಳುವ ಹಾಗೆ.

ಪರೀಕ್ಷೆ ಎಂದರೆ ಏನೆಂದು ತಿಳಿಯದವಳು ನಾನು ಎಂದುಕೊಳ್ಳಬೇಡಿ. ಈ ವಾರ ನಮ್ಮ ಕಟ್ಟಡದ ಮೆಟ್ಟಿಲು ಗುಡಿಸುವ ಸರದಿ ನನ್ನದು, ಬಾಗಿಲಿಗೆ ಅದರ ಹಲಗೆ ನೇತುಬಿದ್ದಿದೆ. ಕೆಳಗಿನ ಮನೆಯ ಕ್ನಾವುಸ್ ಅಜ್ಜಿ ನಾನು ಗುಡಿಸಿದ ಮೇಲೆ ಬಂದು ಕಂಬಿಯ ಅಡಿಗೆ ಬೆರಳಾಡಿಸಿ ನೋಡುತ್ತಾರೆ. ಆ ಬೆರಳಿನ ಮುಂದೆ ನಿಮ್ಮ ಪರೀಕ್ಷಕ ಏನೂ ಅಲ್ಲ.

ಗೆಜೆಟ್ಟಿನ ಬಗ್ಗೆ ನೀವು ಉತ್ತರಿಸಿದ ರೀತಿ ನೋಡಿದರೆ ಮತ್ತೆ ಕೇಳಬಾರದು ಎನ್ನಿಸುತ್ತದೆ. ಕೇಳುವುದಿಲ್ಲ.

ಗೌರವದಿಂದ,
ಮಾರೆನ್ ಹೌಗ್


ಬೀಟಿ
20 ಮೇ 2016

ಮಿಸ್ ಹೌಗ್ ಅವರಿಗೆ,

ನಿಮಗೆ ವಿನಾಯಿತಿ ಸಿಕ್ಕಿದೆ. ನಿಮ್ಮ ಕಂಪನಿಗಿಂತ ಮೊದಲು ನಾನೇ ನೋಡಿರುತ್ತೇನೆ. "ಒಬ್ಬರು ವಿರೋಧಿಸಿದ್ದಾರೆ" ಎಂದು ನನ್ನನ್ನೂ ಒಂದು ಸಾಲಿನಲ್ಲಿ ಸೇರಿಸಿದ್ದಾರೆ. ಎರಡು ವರ್ಷದ ಅವಧಿ. ಪಕ್ಕದಲ್ಲಿ ಅಮೆರಿಕದ ಲೈಸೆನ್ಸ್ ಇರುವವರೊಬ್ಬರು ಸದಾ ಕೂತಿರಬೇಕು. ಯಾವುದೇ ಅಪಘಾತವಾದರೂ ಕೂಡಲೇ ವರದಿ ಮಾಡಬೇಕು. ಷರತ್ತುಗಳು ಅಷ್ಟೇ.

ಡಾರ್ಲಾ ಪಾಸಾದಳು. ಪರೀಕ್ಷಕನ ಕಡೆ ನೋಡದೆ ಮೈದಾನದಾಚೆಯ ಕತ್ತೆಯೊಂದನ್ನು ನೋಡುತ್ತಾ ಎಲ್ಲವನ್ನೂ ಹೇಳಿದಳಂತೆ. ಇನ್ನೊಂದು ಸುದ್ದಿ ಕೇಳಿದರೆ ನಿಮಗೆ ನಗು ಬರಬಹುದು. ನಿಮ್ಮ ಕಂಪನಿಯ ಪರವಾಗಿ ಇಲ್ಲಿ ಗುತ್ತಿಗೆ ಹಿಡಿದವರು ಪಕ್ಕದಲ್ಲಿ ಕೂರಲು ಜನ ಹುಡುಕುತ್ತಿದ್ದರು. ಡಾರ್ಲಾ ಅರ್ಜಿ ಹಾಕಿದ್ದಾಳೆ. ಅವಳನ್ನೇ ತೆಗೆದುಕೊಂಡಿದ್ದಾರೆ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಕೇಳುವುದಿಲ್ಲ ಎಂದಿರಿ, ಅದಕ್ಕೇ ಹೇಳುತ್ತೇನೆ. ನಾಲ್ಕು ವರ್ಷದ ಹಿಂದೆ ಸರಕು ಬಿಗಿಯುವ ಪಟ್ಟಿಯ ಕೊಕ್ಕೆ ಸಿಡಿದು ನನ್ನ ಒಂದು ಕಣ್ಣು ಹೋಯಿತು. ಅದಕ್ಕೆ ಮುಂಚೆ ನನ್ನ ಜೀವನವೆಲ್ಲ ಲಾರಿಯಲ್ಲೇ ಕಳೆದದ್ದು. ವಾಷಿಂಗ್ಟನ್ನಿಗೆ ವಿನಾಯಿತಿ ಕೇಳಿ ಬರೆದೆ. ಇದೇ ಗೆಜೆಟ್ಟಿನಲ್ಲಿ ನನ್ನ ಹೆಸರೂ ಬಂತು. ಯಾರೂ ವಿರೋಧ ಬರೆಯಲಿಲ್ಲ. ಯಾರೂ ಪರವಾಗಿಯೂ ಬರೆಯಲಿಲ್ಲ. ಒಂದೇ ಕಣ್ಣಿನಲ್ಲಿ ಮೂರು ವರ್ಷ ಸುರಕ್ಷಿತವಾಗಿ ಓಡಿಸಿದ ದಾಖಲೆ ಇದ್ದರೆ ಕೊಡಬಹುದು ಎಂದರು. ಒಂದೇ ಕಣ್ಣಿನಲ್ಲಿ ಓಡಿಸಲು ಬಿಟ್ಟಿದ್ದರೆ ತಾನೇ ದಾಖಲೆ ಇರುವುದು? ಅವರದು ತಪ್ಪೆಂದು ಹೇಳುವುದಿಲ್ಲ. ಎಲ್ಲಾದರೂ ಒಂದು ಗೆರೆ ಎಳೆಯಬೇಕಲ್ಲ. ಪಿಕಪ್ ಓಡಿಸಲು ಒಂದು ಕಣ್ಣು ಸಾಕಂತೆ, ಓಡಿಸುತ್ತೇನೆ.

ಆವತ್ತಿನಿಂದ ಓದುವ ಅಭ್ಯಾಸ. ಒಂದು ಕಣ್ಣಿನವರು, ಕಿವಿ ಕೇಳದವರು, ಸಕ್ಕರೆ ಕಾಯಿಲೆಗೆ ಸೂಜಿ ಚುಚ್ಚಿಕೊಳ್ಳುವವರು. ಒಹಾಯೊದವನಿಗೆ ಸಿಕ್ಕಿತೋ, ಟೆನೆಸ್ಸಿಯವನಿಗೆ ಏನಾಯಿತೋ ಎಂದು ನೋಡುತ್ತೇನೆ. ನಡುವೆ ನಿಮ್ಮ ಐದು ಹೆಸರು ಬಂದವು. ನಿಮಗೆ ಏನೂ ಆಗಿರಲಿಲ್ಲ. ಎಲ್ಲರಿಗೂ ಎರಡೆರಡು ಕಣ್ಣು.

ಹಾರ್ಲನ್ ಟೀಗ್


ಬೀಟಿ
6 ಜುಲೈ 2016

ಮಾನ್ಯ ಹಾರ್ಲನ್ ಅವರಿಗೆ,

ನಾನು ನಿಮ್ಮ ಊರಿನಲ್ಲೇ ಇದ್ದೇನೆ. ಇದನ್ನು ಮೋಟೆಲಿನ ಕೋಣೆಯಲ್ಲಿ ಬರೆದು, ರಸ್ತೆ ದಾಟಿ ಪೋಸ್ಟ್ ಆಫೀಸಿಗೆ ಕೊಡುತ್ತೇನೆ. ನಿಮ್ಮ ಮನೆಯ ಮುಂದೆ ಎರಡು ಸಲ ನಡೆದು ಹೋದೆ. ಬಾಗಿಲು ತಟ್ಟಿದರೆ ಮೊದಲ ಮಾತು ಏನಾಡಬೇಕೆಂದು ಹೊಳೆಯಲಿಲ್ಲ. ನಿಮ್ಮ ಮೇ ತಿಂಗಳ ಪತ್ರಕ್ಕೆ ನಾನು ಉತ್ತರವನ್ನೇ ಬರೆಯಲಿಲ್ಲ. ಬರೆಯಲು ಕೂತಾಗಲೆಲ್ಲ ನನ್ನ ಎರಡು ಕಣ್ಣುಗಳು ಅಡ್ಡ ಬರುತ್ತಿದ್ದವು.

ಡಾರ್ಲಾ ಮೊದಲ ದಿನ ಒಂದೇ ಒಂದು ಮಾತಾಡಲಿಲ್ಲ. ಎರಡನೆಯ ದಿನ ನಾನು ಗೇರ್ ಬದಲಿಸುವಾಗ ಇದ್ದಕ್ಕಿದ್ದಂತೆ ಹೇಳಿದಳು: "ನಮ್ಮ ಮಾಮ ನಿನ್ ಮೇಲೆ ದೂರು ಕೊಟ್ಟೋರು. ನಾನು ನಿನ್ ಕಾವಲಿಗೆ ಕೂತೋಳು. ನಮ್ ಮನೆಯೋರಿಂದ ನಿಂಗೆ ಬಿಡುಗಡೆ ಇಲ್ಲ ಬಿಡು." ಹೇಳಿ ಕಿಟಕಿಯ ಕಡೆ ತಿರುಗಿಬಿಟ್ಟಳು, ಭುಜ ಮಾತ್ರ ಕುಲುಕುತ್ತಿತ್ತು. ಆಮೇಲೆ ನಾವು ಚೆನ್ನಾಗಿದ್ದೇವೆ.

ನಿನ್ನೆ ಕ್ರೋವೆಲ್ ಘಾಟಿ ಇಳಿದೆ. ಹೇಗಿತ್ತೆಂದು ನಿಮಗೆ ಮಾತ್ರ ಹೇಳಬಹುದು, ಬೇರೆಯವರು ಅಂಕಿ ಕೇಳುತ್ತಾರೆ. ಪೂರ್ತಿ ಭಾರ ಹೇರಿದ ಲಾರಿ ಮುಂದಕ್ಕೆ ಬಾಗಿ, ಇನ್ನೇನು ಓಡಬೇಕು ಎನ್ನುವಾಗ ಯಾರೋ ಹಿಂದಿನಿಂದ ಅಂಗಿಯ ಚುಂಗು ಹಿಡಿದ ಹಾಗೆ ತಡೆಯಿತು. ನನ್ನ ಕಾಲು ಪೆಡಲಿನ ಮೇಲೆ ಸುಮ್ಮನೆ ಇತ್ತು. ಅಷ್ಟು ವರ್ಷ ಪರದೆಯಲ್ಲಿ ಇದ್ದದ್ದು ಆಸನದ ಕೆಳಗಿನಿಂದ ಬೆನ್ನಿಗೆ ತಿಳಿಯಿತು. ಕೆಳಗೆ ಬಂದಾಗ ಮುಖವೆಲ್ಲ ನಗುತ್ತಿತ್ತೆಂದು ಡಾರ್ಲಾ ಹೇಳಿದಳು.

ನಮ್ಮ ಕೆಲಸದ ಒಂದು ಅಭ್ಯಾಸ ಕಂಡು ಅವಳಿಗೆ ಆಶ್ಚರ್ಯ. ಪರೀಕ್ಷೆಯ ಲಾರಿಯಲ್ಲಿ ಎಚ್ಚರಿಕೆಯ ದೀಪಗಳು ಸದಾ ಉರಿಯುತ್ತಿರುತ್ತವೆ. ಅರ್ಧ ಭಾಗಗಳು ಹೊಸವು, ಒಂದರ ಮಾತು ಇನ್ನೊಂದಕ್ಕೆ ತಿಳಿಯದು, ಹಾಗಾಗಿ ದೀಪ ಹತ್ತುತ್ತದೆ. ನಾವು ಅದರ ಮೇಲೆ ಕಪ್ಪು ಪಟ್ಟಿ ಅಂಟಿಸಿಬಿಡುತ್ತೇವೆ. ಇಲ್ಲದಿದ್ದರೆ ಕಣ್ಣಿಗೆ ಹಿಂಸೆ. ಈಗ ನಮ್ಮ ಲಾರಿಯಲ್ಲಿ ಮೂರು ಪಟ್ಟಿಗಳಿವೆ. ಡಾರ್ಲಾ ದಿನಾ ಅವನ್ನು ಮುಟ್ಟಿ ನೋಡುತ್ತಾಳೆ, ಏನೂ ಹೇಳುವುದಿಲ್ಲ.

ನಿಮ್ಮ,
ಮಾರೆನ್


ಬೀಟಿ
9 ಜುಲೈ 2016

ಮಾರೆನ್,

ನೀನು ಹಾದುಹೋದದ್ದನ್ನು ಎರಡು ಸಲವೂ ನೋಡಿದೆ. ಈ ಬೇಸಿಗೆಯಲ್ಲಿ ಬೀಟಿಯ ರಸ್ತೆಯಲ್ಲಿ ನಡೆಯುವುದು ಕತ್ತೆಗಳು ಮತ್ತು ನೀನು. ನಾನು ಶರಟು ಹಾಕಿರಲಿಲ್ಲ, ಹುಡುಕುವಷ್ಟರಲ್ಲಿ ನೀನು ಮುಂದೆ ಹೋಗಿದ್ದೆ. ಎರಡನೆಯ ಸಲ ಹಾಕಿದ್ದೆ. ಆದರೂ ಹೊರಗೆ ಬರಲಿಲ್ಲ. ಯಾಕೆಂದು ಕೇಳಬೇಡ. ಎದುರಿಗೆ ಇರುವುದಕ್ಕಿಂತ ಪತ್ರದಲ್ಲಿ ನಾನು ಸ್ವಲ್ಪ ಚೆನ್ನಾಗಿದ್ದೇನೆ.

ಡಾರ್ಲಾ ಮನೆಗೆ ಬಂದು ಏನೂ ಹೇಳುವುದಿಲ್ಲ. ಕಂಪನಿಯ ಗುಟ್ಟಂತೆ. "ಮಾಮ, ನೀವು ಗೆಜೆಟ್ಗೆ ಬರೆಯೋರು, ನಿಮ್ಮತ್ರ ಯಾರು ಬಾಯ್ಬಿಡ್ತಾರೆ" ಎನ್ನುತ್ತಾಳೆ. ಅದಕ್ಕೆ ನೀನೇ ಹೇಳು. ಯಾವ ಗೇರಿನಲ್ಲಿ ಇಳಿದೆ? ಕೊನೆಯ ತಿರುವಿನಲ್ಲಿ ಗಾಳಿ ಅಡ್ಡ ಹೊಡೆಯುತ್ತಲ್ಲ, ಆಗ ನಿನ್ನ ಬ್ರೇಕಿಗೆ ಅದು ತಿಳಿಯುತ್ತದೆಯೆ? ತುದಿಯಲ್ಲಿ, ಇಳಿಯುವ ಮುಂಚೆ, ನಾವೆಲ್ಲ ಗಾಡಿ ನಿಲ್ಲಿಸಿ ಕೆಳಗಿಳಿದು ಚಕ್ರದ ಹತ್ತಿರ ಕೈ ಹಿಡಿದು ನೋಡುವ ಒಂದು ಜಾಗವಿದೆ. ಅಲ್ಲಿ ನಿಲ್ಲಿಸಿದೆಯಾ?

ಆ ಕಪ್ಪು ಪಟ್ಟಿಯ ವಿಷಯ ಓದಿ ಒಂದು ಕುತೂಹಲ. ಯಾವ ದೀಪ ಸುಳ್ಳು, ಯಾವುದು ನಿಜ ಎಂದು ಅಂಟಿಸಿದ ಮೇಲೆ ಹೇಗೆ ಗೊತ್ತಾಗುತ್ತದೆ?

ಹಾರ್ಲನ್


ಬೀಟಿ
16 ಜುಲೈ 2016

ಹಾರ್ಲನ್ ಅವರಿಗೆ,

ಡಾರ್ಲಾ ನಿಮಗೆ ಹೇಳಿರಬಹುದು, ಹೇಳದೆಯೂ ಇರಬಹುದು. ನಾನೇ ಹೇಳುತ್ತೇನೆ.

ಗುರುವಾರ ಮಧ್ಯಾಹ್ನ ಘಾಟಿ ಇಳಿಯುತ್ತಿದ್ದೆವು. ತುದಿಯಲ್ಲಿ ನಿಲ್ಲಿಸಲಿಲ್ಲ. ನಡುವೆ ನಿಂತರೆ ಚಕ್ರ ತಣಿದು ಪರೀಕ್ಷೆ ಕೆಡುತ್ತದೆ, ಹಾಗಾಗಿ ಒಂದೇ ಓಟದಲ್ಲಿ ಇಳಿಯಬೇಕಿತ್ತು. ಹಿಂದಿನ ಬಲಚಕ್ರದ ಶಾಖ ಹೇಳುವ ತಂತಿ ಸೋಮವಾರದಿಂದಲೇ ಸಡಿಲವಾಗಿತ್ತು. ದೀಪ ಉರಿಯುತ್ತಿತ್ತು. ಅದರ ಮೇಲೆ ಪಟ್ಟಿ ಅಂಟಿಸಿದವಳು ನಾನು. ತಂತಿ ಬಿಟ್ಟಿದ್ದರಿಂದ ಆ ಚಕ್ರ ತಣ್ಣಗಿದೆ ಎಂದೇ ನನ್ನ ಬ್ರೇಕು ನಂಬಿತು. ತಣ್ಣಗಿರುವುದಕ್ಕೆ ಹೆಚ್ಚು ಕೆಲಸ ಕೊಡು ಎಂದು ಅದಕ್ಕೆ ಕಲಿಸಿದವಳೂ ನಾನೇ. ಇಳಿದಷ್ಟೂ ಭಾರವನ್ನು ಅದೊಂದರ ಮೇಲೆಯೇ ಹೇರುತ್ತಾ ಹೋಯಿತು.

ಅರ್ಧ ಇಳಿದಾಗ ವಾಸನೆ ಬಂತು. ನಮಗೆ ಆ ವಾಸನೆ ಹೊಸದಲ್ಲ, ಬಿಸಿ ಪರೀಕ್ಷೆಯಲ್ಲಿ ಬಂದೇ ಬರುತ್ತದೆ. ನಾನು ಪರದೆ ನೋಡಿದೆ, ಅಂಕಿಗಳೆಲ್ಲ ಸರಿ ಇದ್ದವು. ಡಾರ್ಲಾ ಒಂದು ಸಲ ಮೂಗು ಸೆಳೆದಳು. ಆಮೇಲೆ ಹೇಳಿದಳು, ನನ್ನ ಕಡೆ ತಿರುಗಿ, ನಾನು ಅವಳ ಬಾಯಲ್ಲಿ ಅದುವರೆಗೆ ಕೇಳದ ದನಿಯಲ್ಲಿ: "ಮಾರೆನ್, ಇದು ಟೆಸ್ಟ್ ವಾಸ್ನೆ ಅಲ್ಲ ಕಣೇ. ನಿಲ್ದೇ ಇರೋ ಗಾಡಿ ವಾಸ್ನೆ ಇದು. ಮುಂದಿನ ತಿರುವಲ್ಲಿ ಬಲಕ್ಕೆ ಜಲ್ಲಿ ಹಾದಿ ಇದೆ. ಅದರೊಳಗೆ ಹೋಗು. ಪರದೆ ನೋಡ್ಬೇಡ, ರಸ್ತೆ ನೋಡು."

ಪೆಡಲು ಒತ್ತಿದೆ, ಕೆಳಗೆ ಏನೂ ಇರಲಿಲ್ಲ. ಬ್ರೇಕು ಸೋತ ಲಾರಿಗಳಿಗೆಂದೇ ಸುರಿದಿಟ್ಟ ಆ ಜಲ್ಲಿಯೊಳಗೆ ಹೋದೆವು. ಲಾರಿ ಹೂತು ನಿಂತಿತು. ಇಬ್ಬರಿಗೂ ಏನೂ ಆಗಿಲ್ಲ. ಹಿಂದೆ ಬಲಗಡೆಯ ಚಕ್ರ ಹೊಗೆಯಾಡುತ್ತಿತ್ತು. ಡಾರ್ಲಾ ಬೆಂಕಿ ಆರಿಸುವ ಡಬ್ಬಿ ಹಿಡಿದು ಓಡಿದಳು. ನಾನು ಲಾರಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ.

ಈಗ ನಮ್ಮ ಜೊತೆ ಇಲ್ಲಿಗೆ ಬಂದಿರುವ ಮೇಲಧಿಕಾರಿ ಸ್ಟ್ರೋಬೆಲೆ ಹೇಳುವುದು ಬೇರೆ. ಅವನು ಕೆಟ್ಟವನಲ್ಲ, ನನಗೆ ಕೆಲಸ ಕಲಿಸಿದವನು. ನಮ್ಮ ಊರಿನ ಮಾತಿನಲ್ಲೇ ಸಮಾಧಾನ ಹೇಳಿದ. "ಯಾರಿಗೂ ಗೀರು ಕೂಡ ಇಲ್ಲ. ಜಲ್ಲಿ ಹಾದಿ ಇರೋದೇ ನಿಲ್ಲೋಕೆ, ನಿಂತ್ಕೊಂಡ್ರಿ. ಇದು ಪರೀಕ್ಷೆಯ ಫಲಿತಾಂಶ ಕಣಮ್ಮ, ಅಪಘಾತ ಎಲ್ಲಾಯ್ತು? ವಾಷಿಂಗ್ಟನ್ನಿಗೆ ಬರೆದ್ರೆ ನಿನ್ನೊಬ್ಬಳದಲ್ಲ, ಐದೂ ಹೆಸರು ಹೋಗ್ತವೆ." ಇದು ಮೊದಲೇ ಯೋಜಿಸಿದ ನಿಲುಗಡೆ ಎಂದು ಡಾರ್ಲಾ ಒಂದು ಹೇಳಿಕೆಗೆ ಸಹಿ ಹಾಕಬೇಕಂತೆ. ಸೋಮವಾರ ಅವಳನ್ನು ಕರೆದಿದ್ದಾರೆ. ಸಹಿ ಹಾಕದಿದ್ದರೆ ಗುತ್ತಿಗೆಯವರು ಅವಳನ್ನು ಇಟ್ಟುಕೊಳ್ಳುವರೆ ಎಂದು ನನಗೆ ಗೊತ್ತಿಲ್ಲ. ಸಹಿ ಹಾಕಿ, ಮುಂದೆಂದಾದರೂ ಅದು ಸುಳ್ಳೆಂದು ತಿಳಿದರೆ, ಹೋಗುವುದು ಅವಳ ಲೈಸೆನ್ಸು.

ನಾನು ಇನ್ನೊಮ್ಮೆ ಆ ಘಾಟಿ ಇಳಿಯಬೇಕು. ತಂತಿ ಸರಿಯಿದ್ದಾಗ ನನ್ನ ಬ್ರೇಕು ಹಿಡಿಯುತ್ತದೆ. ಹಿಡಿದದ್ದನ್ನು ನಾನು ನೋಡಿದ್ದೇನೆ.

ಮಾರೆನ್


ಬೀಟಿ
17 ಜುಲೈ 2016

ಮಾರೆನ್,

ಜಲ್ಲಿ ಎಷ್ಟು ಆಳವಿತ್ತು? ಅಚ್ಚಿನವರೆಗೆ ಹೂತಿತೋ ಅಥವಾ ಚಕ್ರ ಮಾತ್ರವೋ? ಅಲ್ಲಿ ಜಲ್ಲಿಯನ್ನು ಸಡಿಲ ಮಾಡಿ ಬಹಳ ವರ್ಷವಾಗಿರಬೇಕು ಎಂದುಕೊಂಡಿದ್ದೆ. ಒಳಗೆ ನುಗ್ಗಿದಾಗ ಸ್ಟಿಯರಿಂಗ್ ಕೈಯಿಂದ ಕಿತ್ತುಕೊಂಡಿತೆ? ನನಗೆ ಅದರೊಳಗೆ ಹೋಗುವ ಸಂದರ್ಭ ಬರಲೇ ಇಲ್ಲ. ಘಾಟಿ ಇಳಿಯುವಾಗಲೆಲ್ಲ ಆ ಹಾದಿಯನ್ನು ನೋಡಿಕೊಂಡು ಹೋಗುತ್ತಿದ್ದೆ. ಒಳಗೆ ಹೇಗಿರುತ್ತದೆ ಎಂದು ಯಾರನ್ನೂ ಕೇಳಲು ಆಗಿರಲಿಲ್ಲ.

ಶಬ್ದ ಹೇಗಿತ್ತು?

ಇಲ್ಲಿ ವಿಶೇಷವೇನಿಲ್ಲ. ಡಾರ್ಲಾ ಬೆಳಿಗ್ಗೆಯಿಂದ ಲೈಸೆನ್ಸ್ ಕಾರ್ಡನ್ನು ಮೇಜಿನ ಮೇಲೆ ಇಟ್ಟುಕೊಂಡು ಕಾಫಿ ಕುಡಿಯುತ್ತಿದ್ದಾಳೆ. ಮೂರನೆಯ ಲೋಟ. ಕಾರ್ಡಿನ ಫೋಟೋದಲ್ಲಿ ಬಾಯಿ ತೆರೆದಿದೆ, ಅದಕ್ಕೆ ಅವಳಿಗೆ ಅದು ಇಷ್ಟವಿಲ್ಲ ಎನ್ನುತ್ತಿದ್ದಳು.

ಈ ಪತ್ರವನ್ನು ಅವಳ ಕೈಯಲ್ಲೇ ಕಳಿಸುತ್ತಿದ್ದೇನೆ. ಇವತ್ತು ಪೋಸ್ಟ್ ಆಫೀಸ್ ಇಲ್ಲ.

ಹಾರ್ಲನ್


ಬೀಟಿ
29 ಜುಲೈ 2016

ಹಾರ್ಲನ್ ಅವರಿಗೆ,

ಜಲ್ಲಿ ಅಚ್ಚಿನವರೆಗೆ ಬಂದಿತ್ತು. ಸ್ಟಿಯರಿಂಗ್ ಕಿತ್ತುಕೊಳ್ಳಲಿಲ್ಲ, ಸತ್ತ ಹಾಗಾಯಿತು. ಯಾವ ಕಡೆ ತಿರುಗಿಸಿದರೂ ಲಾರಿ ತನ್ನಿಷ್ಟದಂತೆ ಹೋಯಿತು. ಶಬ್ದ, ದೊಡ್ಡ ಮನೆಯೊಂದರ ಹೆಂಚುಗಳನ್ನೆಲ್ಲ ಒಟ್ಟಿಗೆ ಕೆಳಗೆ ಸುರಿದ ಹಾಗೆ. ನಿಂತ ಮೇಲೆ ಇದ್ದ ನಿಶ್ಶಬ್ದ ಇನ್ನೂ ಜೋರಾಗಿತ್ತು.

ನೀವು ಎಲ್ಲವನ್ನೂ ಕೇಳಿದಿರಿ, ಒಂದನ್ನು ಬಿಟ್ಟು. ಪತ್ರವನ್ನು ಎರಡು ಬಾರಿ ತಿರುಗಿಸಿ ನೋಡಿದೆ, ಹಿಂಬದಿಯಲ್ಲಾದರೂ ಬರೆದಿದ್ದೀರೇನೋ ಎಂದು. ಇರಲಿಲ್ಲ. ಡಾರ್ಲಾ ಅದನ್ನು ಕೊಡುವಾಗ ಬಾಗಿಲ ಬಳಿ ನಿಂತೇ ಇದ್ದಳು. ಸಹಿ ಹಾಕ್ತೀಯಾ ಎಂದು ನಾನು ಕೇಳಿದೆ. "ನೀನ್ ಹೇಳಿದ್ರೆ ಹಾಕ್ತೀನಿ. ಪರೀಕ್ಷೇಲಿ ಮಾಡೋ ಹಾಗೆ ನನ್ ಕೈ ನಿನ್ ಮೇಲಿಟ್ಟು ನಿಂತಿದ್ದೀನಿ, ಗಟ್ಟಿಯಾಗಿದ್ದೀಯ ಅಂತ ನೀನೇ ಹೇಳ್ಬೇಕು," ಎಂದಳು. ತಮಾಷೆಗೇ ಅಂದದ್ದು. ಇಬ್ಬರೂ ನಗಲಿಲ್ಲ.

ಅವಳು ಹೋದ ಮೇಲೆ ವಾಷಿಂಗ್ಟನ್ನಿಗೆ ನಾನೇ ಬರೆದೆ. ಕಪ್ಪು ಪಟ್ಟಿ, ತಂತಿ, ತುದಿಯಲ್ಲಿ ನಿಲ್ಲಿಸದೆ ಹೋದದ್ದು, ಎಲ್ಲ. ಪಕ್ಕದಲ್ಲಿದ್ದ ಚಾಲಕಿ ಹೇಳದೇ ಇದ್ದಿದ್ದರೆ ಏನಾಗುತ್ತಿತ್ತು ಎಂಬುದನ್ನೂ ಬರೆದೆ. ಸೋಮವಾರ ಡಾರ್ಲಾಳನ್ನು ಕರೆಯುವ ಮುಂಚೆ ಅದರ ಪ್ರತಿಯನ್ನು ಸ್ಟ್ರೋಬೆಲೆಗೆ ಕೊಟ್ಟೆ.

ಐದೂ ಹೆಸರು ಹೋಗಲಿಲ್ಲ. ಕಂಪನಿಯವರೇ ನನ್ನ ಹೆಸರನ್ನು ಹಿಂದಕ್ಕೆ ಪಡೆದರು. ಉಳಿದ ನಾಲ್ವರು ಇನ್ನು ಮೇಲೆ ತುದಿಯಲ್ಲಿ ನಿಲ್ಲಿಸಿ ಪರೀಕ್ಷಿಸಿಯೇ ಇಳಿಯಬೇಕು, ದೀಪಕ್ಕೆ ಪಟ್ಟಿ ಅಂಟಿಸುವಂತಿಲ್ಲ. ಡಾರ್ಲಾ ಕೆಲಸದಲ್ಲಿದ್ದಾಳೆ. ಅವಳಿಗೆ ಈಗ ಓಡಿಸಲೂ ಕೊಟ್ಟಿದ್ದಾರೆ. ಸ್ಟ್ರೋಬೆಲೆ ನನ್ನ ಜೊತೆ ನಮ್ಮ ಊರಿನ ಮಾತು ಬಿಟ್ಟಿದ್ದಾನೆ. ಸಭೆಯಲ್ಲಿ ಆಡುವ ಅಚ್ಚುಕಟ್ಟಾದ ಜರ್ಮನ್‌ನಲ್ಲಿ, ವಾಕ್ಯ ಪೂರ್ತಿ ಮಾಡಿ ಮಾತಾಡಿಸುತ್ತಾನೆ. ಅವನು ಕೂಗಾಡಿದ್ದರೆ ಚೆನ್ನಾಗಿತ್ತು.

ನಿನ್ನೆ ಡಾರ್ಲಾ ಘಾಟಿ ಇಳಿಸಿದಳು, ತಂತಿ ಹೊಸದು. ನನ್ನ ಬ್ರೇಕು ಹಿಡಿಯಿತು, ಮೇಲಿನಿಂದ ಕೆಳಗಿನವರೆಗೆ. ನಾನು ಬಲಗಡೆ ಕೂತು ಅಂಕಿ ಬರೆದುಕೊಂಡೆ. ಅಲ್ಲಿಂದ ಇಳಿಜಾರು ಬೇರೆಯೇ. ಎಡಗಡೆ ಕೂತಾಗ ರಸ್ತೆ ನನ್ನ ಕಡೆಗೆ ಬರುತ್ತಿತ್ತು, ಬಲಗಡೆ ಪ್ರಪಾತ ಬರುತ್ತದೆ. ತಿರುವಿನಲ್ಲಿ ನನ್ನ ಕಾಲು ತಾನಾಗಿಯೇ ನೆಲವನ್ನು ಒತ್ತುತ್ತದೆ. ಅಲ್ಲಿ ರಬ್ಬರಿನ ಹಾಸು ಬಿಟ್ಟರೆ ಏನೂ ಇಲ್ಲ. ನಿಮ್ಮ ಕಾಲೂ ಹೀಗೆ ಒತ್ತುತ್ತದೆಯೆ?

ಬುಧವಾರ ನನ್ನನ್ನು ಊರಿಗೆ ಕಳಿಸುತ್ತಿದ್ದಾರೆ.

ಮಾರೆನ್


ಬೀಟಿ
30 ಜುಲೈ 2016

ಮಾರೆನ್,

ಒತ್ತುತ್ತದೆ. ನನ್ನ ತಂಗಿ ಓಪಲ್, ಡಾರ್ಲಾಳ ಅಮ್ಮ, ಕಾರು ಓಡಿಸುವಾಗ ಪಕ್ಕದಲ್ಲಿ ಕೂತು ಇಷ್ಟು ವರ್ಷದಲ್ಲಿ ಅವಳ ಹಾಸನ್ನು ತೂತು ಮಾಡಿದ್ದೇನೆ. ಹೊಸದು ಕೊಡಿಸು ಎಂದು ಕೇಳುತ್ತಿರುತ್ತಾಳೆ.

ನೀನು ಮಾಡಿದ್ದರ ಬಗ್ಗೆ ನಾನು ಏನೂ ಹೇಳುವುದಿಲ್ಲ. ಡಾರ್ಲಾ ನಿನ್ನೆ ಊಟಕ್ಕೆ ಕೂತು ಪೂರ್ತಿ ತಟ್ಟೆ ಖಾಲಿ ಮಾಡಿದಳು, ಅಷ್ಟು ಹೇಳುತ್ತೇನೆ.

ಓಪಲ್ ಇರುವುದು ಅಮರ್ಗೋಸಾ ಕಣಿವೆಯಲ್ಲಿ. ಅವಳದು ಕುದುರೆಮೆಂತೆ ಮೇವಿನ ಹೊಲ, ಈ ವಾರ ಕೊಯ್ಲಾಗಿದೆ. ಹೊಲ ಮೇಜಿನ ಹಾಗೆ ಚಪ್ಪಟೆ. ಹುಲ್ಲಿನ ಪೆಂಡಿ ಸಾಗಿಸುವ ಹಳೆಯ ಹತ್ತು ಚಕ್ರದ ಲಾರಿ ಅಲ್ಲಿದೆ, ಬೇಲಿ ದಾಟಿ ಅದು ಎಂದೂ ಹೊರಗೆ ಬರುವುದಿಲ್ಲ. ಬೇಲಿಯ ಒಳಗೆ ಸರ್ಕಾರದ ರಸ್ತೆ ಇಲ್ಲ, ಹಾಗಾಗಿ ಯಾರಿಗೂ ಲೈಸೆನ್ಸ್ ಬೇಕಿಲ್ಲ, ವಿನಾಯಿತಿಯೂ ಬೇಕಿಲ್ಲ. ನಾನು ಇವತ್ತು ಓಪಲ್‌ಗೆ ಫೋನು ಮಾಡಿ ಕೇಳಿದೆ. ಹಿಂದೆ ಎಂದೂ ಕೇಳಿರಲಿಲ್ಲ, ಕೇಳಬೇಕು ಎಂದು ತೋಚಿರಲೂ ಇಲ್ಲ. ಅವಳು, "ಅಣ್ಣ, ನಾಲ್ಕು ವರ್ಷದಿಂದ ಅದರ ಕೀಲಿ ಮೊಳೆಗೇ ನೇತಾಡ್ತಿದೆ, ನೀನು ಬರ್ಲೇ ಇಲ್ಲ" ಎಂದಳು.

ನಾಳೆ ಭಾನುವಾರ, ಅದಕ್ಕೇ ಇದನ್ನೂ ಡಾರ್ಲಾ ಕೈಯಲ್ಲೇ ಕಳಿಸುತ್ತಿದ್ದೇನೆ. ನಿಮ್ಮ ದೇಶದಲ್ಲಿ ಲಾರಿ ಓಡಿಸಕೂಡದ ದಿನ, ಆದರೂ ಬಾ. ಬೆಳಿಗ್ಗೆ ತಂಪಿರುವಾಗ ಮೋಟೆಲಿನ ಮುಂದೆ ಪಿಕಪ್ ತಂದು ನಿಲ್ಲಿಸುತ್ತೇನೆ. ಇಳಿದು ಬಂದು ಬಾಗಿಲು ತಟ್ಟುತ್ತೇನೆ, ಮೊದಲ ಮಾತು ಏನಾಡಬೇಕೆಂದು ನನಗೂ ಗೊತ್ತಿಲ್ಲ.

ಒಂದು ಕಡೆಗೆ ನೀನು ಓಡಿಸು, ಇನ್ನೊಂದು ಕಡೆಗೆ ನಾನು. ಗೇರುಗಳು ಎಲ್ಲಿವೆಯೆಂದು ನನ್ನ ಕೈಗೆ ಇನ್ನೂ ತಿಳಿದಿದೆಯೋ ಇಲ್ಲವೋ ನೋಡಬೇಕು. ನನಗೆ ಬಲಗಡೆ ಏನೂ ಕಾಣುವುದಿಲ್ಲ, ಅಲ್ಲಿ ನೀನು ಕೂತಿರುತ್ತೀಯ.

ಹೊಲದ ಆ ತುದಿಯಲ್ಲಿ ನೀರಿನ ಕಾಲುವೆ ಇದೆ. ಅದು ಬರುವ ಮುಂಚೆ ನಿಲ್ಲಬೇಕು. ಓಪಲ್ ಹಾಕಿದ ಷರತ್ತು ಅದೊಂದೇ.

ಹಾರ್ಲನ್